ಕ್ಲಿಪ್ ಹಾಕಿದ ಹಲ್ಲಿಗೆ ಹಲಸಿನ ಚಿಪ್ಸು

ಹಲ್ಲಿಗೆ ಕ್ಲಿಪ್ ಹಾಕಿ ಮುಗಿಸುತ್ತಾ ಡಾಕ್ಟರು ತಿನ್ನಬಾರದ ತಿಂಡಿಗಳ ಹೆಸರು ಹೇಳುತ್ತಾ ಹೋದರು. ಚಕ್ಕುಲಿ ಬೇಡ, ಕೋಡುಬಳೆ ಬೇಡ, ಹುರಿದ ಶೇಂಗಾ ಬೇಡ, ಹಪ್ಪಳ ಬೇಡ, ಚಿಪ್ಸ್ ಅಂತೂ ಬೇಡವೇ ಬೇಡ. ನಾನು ಬಾಯಿ ಅಗಲಿಸಿಕೊಂಡು ಮಲಗಿದ್ದರಿಂದ ಎದುರು ಮಾತಾಡುವ ಹಾಗಿರಲಿಲ್ಲ. ಅವರು ಬಾಯಿಂದ ಕೈ ತೆಗೆದ ಕೂಡಲೇ ಎದ್ದು ಕೂತೆ.

"ಡಾಕ್ಟ್ರೇ, ನನ್ನ ಕೆಲಸಾನೇ ಅದು. ದಿನಾ ಚಿಪ್ಸ್ ತಿಂದು ನೋಡಿ ಪ್ಯಾಕಿಂಗಿಗೆ ಬಿಡೋಳು ನಾನು."

ಸಾಗರದ ಆ ಕ್ಲಿನಿಕ್ಕಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಗವಸು ಕಳಚುತ್ತಿದ್ದವರು ಹಾಗೇ ನಿಂತರು.

"ಹಂಗಾದ್ರೆ ಮೊದ್ಲೇ ಹೇಳ್ಬೇಕಿತ್ತಲ್ಲ ಅಕ್ಕ?"

"ನೀವು ಎಂತ ತಿಂತೀರಿ ಅಂತ ಕೇಳಿದ್ರಿ. ಎಂತ ಕೆಲಸ ಅಂತ ಕೇಳ್ಲಿಲ್ಲ."

ನಾನು ಹೊಸನಗರದಲ್ಲಿ ಹೆಂಗಸರ ಸಂಘವೊಂದರ ತಿಂಡಿ ಘಟಕದಲ್ಲಿ ದುಡಿಯುತ್ತೇನೆ. ಬೇಸಿಗೆಯಲ್ಲಿ ಹಲಸಿನಕಾಯಿ ಚಿಪ್ಸೇ ನಮ್ಮ ಮುಖ್ಯ ಮಾಲು. ಕಾಯಿ ಒಡೆದು ಸೊಳೆ ಬಿಡಿಸುವವರು, ಹೆಚ್ಚುವವರು, ಕರಿಯುವವರು, ಪ್ಯಾಕ್ ಮಾಡುವವರು ಎಲ್ಲರೂ ಬೇರೆ ಬೇರೆ. ಕರಿದದ್ದು ಆರಿದ ಮೇಲೆ ಪ್ರತಿ ಬಾಣಲೆಯದರಲ್ಲೂ ಒಂದೆರಡು ತಿಂದು ನೋಡುವುದು ನನ್ನ ಪಾಲಿನ ಕೆಲಸ. ಉಪ್ಪು ಸರಿಯಾಗಿದೆಯೇ, ಎಣ್ಣೆ ಹೆಚ್ಚು ಕುಡಿದಿದೆಯೇ, ಗರಿಗರಿ ಬಂದಿದೆಯೇ, ಒಳಗೆ ಹಸಿ ಉಳಿದಿದೆಯೇ ಎಂದು ನಾನು ಹೇಳಬೇಕು. ನಾನು ಆಯ್ತು ಅನ್ನುವ ತನಕ ಯಾರೂ ಪೊಟ್ಟಣಕ್ಕೆ ತುಂಬುವುದಿಲ್ಲ.

ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್ ಯಾಕೆ ಎಂದು ಊರೆಲ್ಲ ಕೇಳಿತು. ನನ್ನ ಮೇಲಿನ ಹಲ್ಲು ಮೊದಲಿನಿಂದಲೂ ಉಬ್ಬು. ಅದರ ಜೊತೆಗೆ ಈಚೆಗೆ ಕೆಳಗಿನ ಹಲ್ಲುಗಳು ಮೇಲಿನ ಹಲ್ಲಿನ ಹಿಂದಿನ ವಸಡನ್ನು ಚುಚ್ಚತೊಡಗಿದ್ದವು. ಬೆಳಿಗ್ಗೆ ಹಲ್ಲುಜ್ಜಿದರೆ ರಕ್ತ. ಹೀಗೇ ಬಿಟ್ಟರೆ ಎದುರಿನ ಹಲ್ಲುಗಳು ಒಂದೊಂದಾಗಿ ಅಲುಗಾಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಅದು ನಿಜವಾದ ಕಾರಣ. ಆದರೆ ಉಬ್ಬು ಹಲ್ಲು ಒಳಗೆ ಹೋಗಲಿ ಎಂಬ ಆಸೆಯೂ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಎಂದವರಿಗೆ, ಕನ್ನಡಿಗೆ ಎಂದು ಹೇಳುತ್ತಿದ್ದೆ.

ಡಾಕ್ಟರಿಗೆ ಕೊಡಲೆಂದು ನಮ್ಮ ಚಿಪ್ಸಿನ ಪೊಟ್ಟಣವೊಂದನ್ನು ಒಯ್ದಿದ್ದೆ. ಅದನ್ನೇ ಚೀಲದಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ. "ಬೇಡ ಅನ್ನೋದು ಸುಲಭ. ಹೆಂಗೆ ತಿನ್ನೋದು ಅಂತ ಹೇಳಿ."

"ಏನೂ ಆಗಲ್ಲ ಅಂತ ನಾನು ಹೇಳಲ್ಲ ಅಕ್ಕ. ಮುರಿಯೋದು ಕಮ್ಮಿ ಆಗೋದು ಹೆಂಗೆ ಅಂತ ಬೇಕಾದ್ರೆ ಹೇಳ್ತೀನಿ" ಎಂದು ಡಾಕ್ಟರು ಪೊಟ್ಟಣ ಒಡೆದರು.

ಕಪಾಟಿನಿಂದ ಪ್ಲಾಸ್ಟಿಕ್ಕಿನ ಹಲ್ಲಿನ ಸೆಟ್ ತೆಗೆದು ಒಂದು ಚಿಪ್ಸನ್ನು ಅದರ ಎದುರಿನ ಹಲ್ಲುಗಳ ನಡುವೆ ಇಟ್ಟು ತೋರಿಸಿದರು. ಕಚ್ಚಿದಾಗ ಚಿಪ್ಸಿನ ಅಂಚು ನೇರವಾಗಿ ಕ್ಲಿಪ್ಪಿನ ಗುಂಡಿಗೆ ತಾಗುತ್ತಿತ್ತು. ಆ ಗುಂಡಿಗೆ ಬ್ರಾಕೆಟ್ ಅನ್ನುತ್ತಾರೆ. ಅದನ್ನು ಹಲ್ಲಿಗೆ ಅಂಟಿಸಿರುತ್ತಾರೆ ಅಷ್ಟೆ. ಗಟ್ಟಿ ಚೂರು ಅಡ್ಡವಾಗಿ ಒತ್ತಿದರೆ ಕಿತ್ತು ಬರುತ್ತದೆ. ಕಿತ್ತರೆ ಆ ಹಲ್ಲು ಸರಿಯುವುದು ನಿಲ್ಲುತ್ತದೆ, ಚಿಕಿತ್ಸೆ ಉದ್ದವಾಗುತ್ತದೆ. ಹಾಗಾಗಿ ಎದುರಿನ ಹಲ್ಲಿನಲ್ಲಿ ಏನನ್ನೂ ಕಚ್ಚಿ ತುಂಡು ಮಾಡಬಾರದು. ಕೈಯಲ್ಲಿ ಉಗುರಿನಷ್ಟು ಚೂರು ಮಾಡಬೇಕು. ಬೆರಳಿನಿಂದಲೇ ದವಡೆ ಹಲ್ಲಿನ ಮೇಲಿಟ್ಟು ಬಾಯಿ ಮುಚ್ಚಿ, ಎಂಜಲಿನಲ್ಲಿ ಸ್ವಲ್ಪ ನೆನೆಯಲು ಬಿಟ್ಟು, ಆಮೇಲೆ ಮೇಲಿಂದ ಕೆಳಕ್ಕೆ ನೇರವಾಗಿ ಒತ್ತಬೇಕು. ಒಂದು ಚೂರು ಮುಗಿಯದೆ ಇನ್ನೊಂದು ಬಾಯಿಗೆ ಹಾಕಬಾರದು. ದವಡೆ ಹಲ್ಲಿಗೂ ಕ್ಲಿಪ್ ಇರುವುದರಿಂದ ಅಲ್ಲಿಯೂ ಗಟ್ಟಿ ಪದಾರ್ಥಕ್ಕೆ ಬಲ ಹಾಕುವಂತಿಲ್ಲ. ತಿಂದಾದ ಮೇಲೆ ಬಾಯಿ ಮುಕ್ಕಳಿಸಿ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಒಂದು ಸಣ್ಣ ಬ್ರಷ್ಷಿನಿಂದ ತಂತಿಯ ಸಂದಿಯನ್ನೆಲ್ಲ ಉಜ್ಜಬೇಕು.

"ಇದು ತೆಳು ಚಿಪ್ಸಿಗೆ ಮಾತ್ರ. ಚಕ್ಕುಲಿ, ಶೇಂಗಾ ಇವಕ್ಕೆಲ್ಲ ವಾದ ಬೇಡ" ಎಂದರು.

ಚಕ್ಕುಲಿ ಬಿಟ್ಟುಕೊಟ್ಟೆ. ಚಿಪ್ಸ್ ಬಿಡಲಿಲ್ಲ.

ಮೊದಲ ವಾರ ಏನನ್ನೂ ತಿನ್ನಲು ಸಾಧ್ಯವಾಗಲಿಲ್ಲ. ಹಲ್ಲೆಲ್ಲ ಬುಡದಿಂದ ನೋಯುತ್ತಿತ್ತು. ಬಾಳೆಹಣ್ಣು ಕೂಡ ಗಟ್ಟಿ ಅನ್ನಿಸಿತು. ಗಂಜಿ ಕುಡಿದುಕೊಂಡು ಕೆಲಸಕ್ಕೆ ಹೋದೆ. ಕೆನ್ನೆಗೆ ತಂತಿ ಚುಚ್ಚಿದಲ್ಲಿ ಹಚ್ಚಿಕೊಳ್ಳಲು ಡಾಕ್ಟರು ಬಿಳಿ ಮೇಣ ಕೊಟ್ಟಿದ್ದರು. ಹಲಸಿನ ಮೇಣ ಕೈಗೆ ಹತ್ತದಂತೆ ಇಡೀ ದಿನ ಕೊಬ್ಬರಿ ಎಣ್ಣೆ ಸವರಿಕೊಳ್ಳುವವರ ನಡುವೆ ಕೂತು ನಾನೊಬ್ಬಳು ಬೇಕೆಂದೇ ಬಾಯಿಗೆ ಮೇಣ ಹಚ್ಚಿಕೊಳ್ಳುತ್ತಿದ್ದೆ. ಅದನ್ನು ಕಂಡು ಎಲ್ಲರಿಗೂ ನಗು.

ಸಂಘದ ಅಧ್ಯಕ್ಷೆ ನಗಲಿಲ್ಲ. ಅವರು ಘಟಕವನ್ನು ಖಾಲಿ ಕೈಯಿಂದ ಕಟ್ಟಿದವರು, ಮಾತು ಖಡಕ್. ನನ್ನನ್ನು ಬದಿಗೆ ಕರೆದರು.

"ನೋಡು, ಬೇಜಾರು ಮಾಡ್ಕೋಬೇಡ. ಅದನ್ನ ಬಿಚ್ಚೋ ತನಕ ನೀನು ಪ್ಯಾಕಿಂಗಲ್ಲಿ ಕೂತ್ಕೋ. ತಿಂದು ನೋಡೋಕೆ ಬೇರೆಯವ್ರನ್ನ ಹಾಕ್ತೀನಿ."

"ನಾಲಿಗೆಗೆ ಕ್ಲಿಪ್ ಹಾಕ್ಸಿಲ್ಲ ಅಕ್ಕ" ಎಂದೆ.

"ಗರಿಗರಿ ನಾಲಿಗೇಲಿ ಗೊತ್ತಾಗ್ತದಾ?"

ನನಗೆ ಸಿಟ್ಟು ಬಂತು. ಅವರ ಎದುರೇ ತಟ್ಟೆಯಿಂದ ಉದ್ದನೆಯ ಚಿಪ್ಸೊಂದನ್ನು ಎತ್ತಿ, ಹಿಂದೆಲ್ಲ ಹೇಗೆ ಕಚ್ಚುತ್ತಿದ್ದೆನೋ ಹಾಗೇ ಎದುರಿನ ಹಲ್ಲಿನಲ್ಲಿ ಕಚ್ಚಿದೆ. ಒಳಗೆ ಏನೋ ಟಿಕ್ ಅಂದಿತು. ನಾಲಿಗೆಗೆ ಸಣ್ಣ ಕಲ್ಲಿನಂಥದ್ದು ಸಿಕ್ಕಿತು. ಉಗಿದು ಅಂಗೈಗೆ ಹಾಕಿಕೊಂಡರೆ ಬ್ರಾಕೆಟ್.

ಅಧ್ಯಕ್ಷೆ ಅಂಗೈ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಸಾಗರದ ಬಸ್ ಹತ್ತಿದೆ. ಸೀಟಿನಲ್ಲಿ ಕೂತು ಹಠ ಮಾಡಬಾರದಿತ್ತು ಅಂದುಕೊಳ್ಳಲಿಲ್ಲ. ಹಠವನ್ನು ತಪ್ಪು ಹಲ್ಲಿನಿಂದ ಮಾಡಿದೆ ಅಂದುಕೊಂಡೆ. ಡಾಕ್ಟರು ಬ್ರಾಕೆಟ್ಟನ್ನು ಮತ್ತೆ ಅಂಟಿಸುತ್ತಾ, "ಹಿಂಗೇ ಕಿತ್ಕೊಂಡು ಬರ್ತಾ ಇದ್ರೆ ನಾನು ಮುಂದುವರಿಸಲ್ಲ ಅಕ್ಕ. ನಿಮ್ಮ ಹಲ್ಲಿಗೇ ಕೆಟ್ಟದ್ದು" ಎಂದರು. ಈ ಸಲ ದನಿಯಲ್ಲಿ ನಗು ಇರಲಿಲ್ಲ.

ವಾಪಸು ಬಂದವಳು ಪ್ಯಾಕಿಂಗಿನಲ್ಲೇ ಕೂತೆ. ಆದರೆ ಪ್ರತಿ ಬಾಣಲೆಯದರಲ್ಲೂ ಒಂದು ಹಿಡಿ ನನಗೆಂದು ತೆಗೆದಿಟ್ಟುಕೊಂಡು, ಊಟದ ಹೊತ್ತಿನಲ್ಲಿ ಅದನ್ನು ಹರಡಿಕೊಂಡು ಕೂರುತ್ತಿದ್ದೆ. ಡಾಕ್ಟರು ಹೇಳಿದಂತೆ ಚೂರು ಮಾಡಲು ಹೋದಾಗಲೇ ನನಗೆ ದಾರಿ ಕಂಡದ್ದು. ಹಿಂದೆ ಚಿಪ್ಸನ್ನು ನೇರ ಬಾಯಿಗೆ ಹಾಕುತ್ತಿದ್ದೆ, ಕೈಗೆ ಕೆಲಸವೇ ಇರಲಿಲ್ಲ. ಈಗ ಪ್ರತಿಯೊಂದನ್ನೂ ಮುರಿಯಬೇಕು. ಹದವಾಗಿ ಕರಿದದ್ದು ಹೆಬ್ಬೆರಳು ತಾಗಿದ ಕೂಡಲೇ ಟಕ್ಕೆಂದು ಎರಡಾಗುತ್ತದೆ, ಅಂಚು ನೇರವಾಗಿರುತ್ತದೆ. ಹಸಿ ಉಳಿದದ್ದು ಬಾಗುತ್ತದೆ. ದಪ್ಪಗೆ ಹೆಚ್ಚಿ ಜೋರು ಬೆಂಕಿಯಲ್ಲಿ ಕರಿದದ್ದನ್ನು ಮುರಿಯಲು ಬಲ ಬೇಕಾಗುತ್ತದೆ, ಮುರಿದರೂ ಸಿಬಿರು ಸಿಬಿರಾಗುತ್ತದೆ. ಕಿವಿಯ ಹತ್ತಿರ ಹಿಡಿದು ಮುರಿದರೆ ಸದ್ದಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಬೆರಳಿಗೆ ಒಪ್ಪಿಗೆಯಾದದ್ದು ಮಾತ್ರ ದವಡೆಗೆ, ಉಳಿದ ರುಚಿ ನೋಡುವುದು ನಾಲಿಗೆ. ಒಂದು ಚಿಪ್ಸಿಗೆ ಹಿಂದಿಗಿಂತ ಬಹಳ ಹೊತ್ತು ಹಿಡಿಯುತ್ತಿತ್ತು, ಆದರೆ ಬ್ರಾಕೆಟ್ ಒಂದೂ ಅಲುಗಲಿಲ್ಲ.

ಬಾಣಲೆಯ ಮುಂದೆ ನಿಲ್ಲುವ ಹೆಂಗಸು ನನ್ನ ಹಳೆಯ ಜೊತೆಗಾತಿ. ಅವಳು ಇದನ್ನು ದಿನಾ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಬೇರೆ ಬೇರೆ ಬಾಣಲೆಯ ಚಿಪ್ಸನ್ನು ಕಲಸಿ ತಂದು ಎದುರಿಗೆ ಸುರಿದಳು.

"ಬೇರೆ ಮಾಡು ನೋಡೋಣ ಮಾರಾಯ್ತಿ."

ಮಾಡಿದೆ. ಕೆಲವು ತಪ್ಪಿದವು, ಹೆಚ್ಚಿನವು ಸರಿಯಾದವು. ಅವಳೇ ಹೋಗಿ ಅಧ್ಯಕ್ಷೆಗೆ ಹೇಳಿದಳು. ಅಧ್ಯಕ್ಷೆ ಪೂರ್ತಿ ಒಪ್ಪಲಿಲ್ಲ. "ಸರಿ, ನೋಡ್ಲಿ. ಕಡೆ ಮಾತು ನಂದು" ಎಂದರು. ಹೀಗೆ ನನ್ನ ಜಾಗ ಅರ್ಧ ವಾಪಸು ಬಂತು.

ಅಷ್ಟರಲ್ಲಿ ಮದುವೆಗಳ ಸುಗ್ಗಿ. ತೀರ್ಥಹಳ್ಳಿಯ ಅಂಗಡಿಯೊಂದು ನಮ್ಮ ಬಹುಕಾಲದ ಗಿರಾಕಿ. ಅಲ್ಲಿಂದ ನಾವು ಯಾವತ್ತೂ ಮಾಡದಷ್ಟು ದೊಡ್ಡ ಆರ್ಡರ್ ಬಂತು. ಯಾವುದೋ ಮದುವೆಯಲ್ಲಿ ತಾಂಬೂಲದ ಚೀಲದೊಳಗೆ ಒಂದೊಂದು ಪೊಟ್ಟಣ ಹಾಕಿ ಕೊಡಲಿಕ್ಕಂತೆ. ಅಧ್ಯಕ್ಷೆ ಮಾತು ಕೊಟ್ಟುಬಿಟ್ಟರು. ಕೈ ಸಾಲದೆ ಸೊಳೆ ಹೆಚ್ಚಲು ಹೊಸಬರನ್ನು ಕರೆಸಿದರು. ಅವರಿಗೆ ಅಭ್ಯಾಸವಿಲ್ಲ, ಅವಸರ ಬೇರೆ. ಹೋಳುಗಳು ದಪ್ಪ ಬಂದವು. ದಪ್ಪ ಹೋಳು ಬೇಯಲು ಹೊತ್ತು ಬೇಕು, ಹೊತ್ತು ಇಲ್ಲವೆಂದು ಒಲೆ ಜೋರು ಮಾಡಿದರು. ಹೊರಗೆ ಬಣ್ಣ ಬಂತು, ಒಳಗೆ ಹದ ಬರಲಿಲ್ಲ.

ಕಡೆಯ ಬಾಣಲೆಗಳವು ನನ್ನ ಮುಂದೆ ಬಂದಾಗ ಹೆಬ್ಬೆರಳು ಒತ್ತಿದೆ. ಮುರಿಯಲಿಲ್ಲ. ಇನ್ನೊಂದು, ಮತ್ತೊಂದು, ಎಲ್ಲ ಅದೇ ಕಥೆ.

"ಇದು ಹೋಗಬಾರ್ದು ಅಕ್ಕ" ಎಂದೆ.

ಅಧ್ಯಕ್ಷೆ ಒಂದನ್ನು ಬಾಯಿಗೆ ಹಾಕಿ ಕಟಕಟ ಅಗಿದರು. "ಚೆನ್ನಾಗೇ ಉಂಟು. ನಿಂಗೆ ಈಗ ಎಲ್ಲಾನೂ ಗಟ್ಟಿನೇ. ಹಲ್ಲಿಗೆ ತಂತಿ ಕಟ್ಕೊಂಡು ಕೂತೋರ ಅಳತೇಲಿ ಆರ್ಡರ್ ಕಳ್ಸೋಕಾಗ್ತದಾ?"

ಕಡೆ ಮಾತು ಅವರದ್ದು. ಮಾಲು ಗೂಡ್ಸ್ ಆಟೋಗೆ ಏರಿತು. ಅಂಗಡಿಗೆ ಮಾಲು ಒಪ್ಪಿಸಿ ಬರುವುದು ಯಾವಾಗಲೂ ನನ್ನ ಕೆಲಸವಾದ್ದರಿಂದ ನಾನೂ ಡ್ರೈವರ್ ಪಕ್ಕ ಹತ್ತಿದೆ. ಕೋಣಂದೂರು ದಾಟಿ ತೀರ್ಥಹಳ್ಳಿ ಬರುವವರೆಗೆ ತಿರುತಿರುಗಿ ಹಿಂದಕ್ಕೆ ನೋಡುತ್ತಿದ್ದೆ. ಹಿಂದಿನ ಚೀಲಗಳಲ್ಲಿ ಮೊದಲ ದಿನಗಳ ಒಳ್ಳೆಯ ಮಾಲು ಯಾವುದು, ಕಡೆಯ ದಿನದ್ದು ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಚೀಲ ಹೊಲಿದು, ದಿನಕ್ಕೊಂದು ಗುರುತು ಹಾಕಿದವಳೇ ನಾನು.

ಅಂಗಡಿಯ ಮಾಲೀಕರಿಗೆ ಒಂದು ಅಭ್ಯಾಸವಿದೆ. ಮಾಲು ಇಳಿಸುವ ಮೊದಲು ಒಂದು ಪೊಟ್ಟಣ ಒಡೆದು, ತಂದವರೇ ಮೊದಲು ತಿನ್ನಬೇಕು ಅನ್ನುತ್ತಾರೆ. ಅರ್ಧ ತಮಾಷೆ, ಅರ್ಧ ವ್ಯಾಪಾರ. ಆ ದಿನ ನಾನು ಬಾಯಿ ತೆರೆದ ಕೂಡಲೇ ಅವರಿಗೆ ಕ್ಲಿಪ್ ಕಂಡಿತು.

"ಇದೆಂತ ಮಾರಾಯ್ರೇ? ನೀವೇ ತಿನ್ನೋಕಾಗದ್ದನ್ನ ನಮ್ಗೆ ಮಾರೋಕೆ ಬಂದ್ರಾ?"

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. "ಯಾರು ಹೇಳಿದ್ರು ಆಗಲ್ಲ ಅಂತ?" ಎಂದು ಒಳ್ಳೆಯ ಮಾಲಿನ ಚೀಲ ಬಿಚ್ಚಿಸಿದೆ. ಒಂದು ಚಿಪ್ಸ್ ತೆಗೆದು ಕಿವಿಯ ಹತ್ತಿರ ಮುರಿದೆ. ಟಕ್ಕೆಂದಿತು. ಮತ್ತೆ ಮುರಿದು ಉಗುರಿನಷ್ಟು ಮಾಡಿಕೊಂಡೆ. ದವಡೆಗೆ ಇಟ್ಟು ಬಾಯಿ ಮುಚ್ಚಿ ನಿಂತೆ. ಮಾಲೀಕರು ತಕ್ಕಡಿಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಒಬ್ಬ ಗಿರಾಕಿ ಸಕ್ಕರೆ ಕೇಳಿದ. ತಡಿ ಮಾರಾಯ ಎಂದು ಅವನನ್ನೂ ನಿಲ್ಲಿಸಿದರು. ನಾನು ಅವಸರ ಮಾಡಲಿಲ್ಲ. ನೆನೆದ ಚೂರನ್ನು ನೇರವಾಗಿ ಒತ್ತಿ, ಅಗಿದು, ನುಂಗಿ, ಎರಡನೆಯ ಚೂರಿಗೆ ಕೈ ಹಾಕಿದೆ. ಒಂದು ಇಡೀ ಚಿಪ್ಸನ್ನು ಹೀಗೆ ಮುಗಿಸಿದೆ. ಅಂಗಡಿ ಪೂರ್ತಿ ಕಾದು ನಿಂತಿತ್ತು.

"ಆಯ್ತಪ್ಪ, ಒಪ್ದೆ" ಎಂದು ಮಾಲೀಕರು ಕೈ ಮುಗಿದರು. ಆಮೇಲೆ ಇನ್ನೊಂದು ಚೀಲದತ್ತ ಬೆರಳು ಮಾಡಿದರು. "ಇದ್ರಲ್ಲೂ ಒಂದು ತಿಂದ್ಬಿಡಿ, ಇಳಿಸ್ಕೊಂಡ್ಬಿಡ್ತೀನಿ."

ಅದು ಕಡೆಯ ದಿನದ ಚೀಲ.

ಒಂದನ್ನು ತೆಗೆದು ಮುರಿಯಲು ನೋಡಿದೆ. ಹೆಬ್ಬೆರಳು ಬಿಳಿಚಿತು, ಚಿಪ್ಸ್ ಹಾಗೇ ಇತ್ತು. ಬಾಯಿಗೆ ಹಾಕಿಕೊಂಡರೆ ಬ್ರಾಕೆಟ್ ಹೋಗುತ್ತದೆ, ಡಾಕ್ಟರು ಮತ್ತೆ ಕೈ ಹಚ್ಚುವುದಿಲ್ಲ. ಹಾಕಿಕೊಳ್ಳದಿದ್ದರೆ ಆರ್ಡರ್ ಹೋಗುತ್ತದೆ, ಅಧ್ಯಕ್ಷೆ ನನ್ನನ್ನು ಬಿಡುವುದಿಲ್ಲ. ಏನೋ ನೆಪ ಹೇಳಿ ಡ್ರೈವರ್ ಕೈಯಲ್ಲಿ ತಿನ್ನಿಸಬಹುದಿತ್ತು, ಅವನ ಹಲ್ಲು ಗಟ್ಟಿ. ಹಾಗೆ ಮಾಡಬಹುದು ಎಂಬ ಯೋಚನೆ ಬಂದದ್ದೂ ನಿಜ. ಆದರೆ ನನ್ನ ಕೈಯಲ್ಲಿದ್ದದ್ದು ಕೆಟ್ಟ ಮಾಲು. ಅದು ನನಗೆ ಗೊತ್ತಿತ್ತು. ಅದು ಮದುವೆಗೆ ಬಂದ ಅಜ್ಜ ಅಜ್ಜಿಯರ ಚೀಲಕ್ಕೆ ಹೋಗಲಿಕ್ಕಿತ್ತು.

"ಇದನ್ನ ನಾನು ತಿನ್ನಲ್ಲ" ಎಂದೆ. "ನಿಮ್ಗೂ ಕೊಡಲ್ಲ. ಈ ಗುರುತಿನ ಚೀಲ ಎಲ್ಲ ವಾಪಸ್ ಹೋಗ್ತವೆ."

ಮಾಲೀಕರು ಅದರಲ್ಲೊಂದನ್ನು ಎತ್ತಿ ಕಚ್ಚಿದರು, ಅಗಿದರು. "ನಂಗೇನೂ ಆಗ್ಲಿಲ್ಲ. ಸ್ವಲ್ಪ ಗಟ್ಟಿ ಉಂಟು, ಅಷ್ಟೇ. ಕ್ಲಿಪ್ ಇರೋದು ನಿಮ್ಗೆ, ಗಿರಾಕಿಗಲ್ಲ."

"ಗಿರಾಕಿಗೂ ಹಲ್ಲಿದೆ" ಎಂದೆ.

ಅವರಿಗೆ ನಿಜವಾಗಿ ಸಿಟ್ಟು ಬಂತು. ಮದುವೆ ಹತ್ತಿರ ಬಂದಿದೆ, ಕೊಟ್ಟ ಮಾತಿಗೆ ಬೆಲೆ ಇಲ್ಲವೇ, ನಿಮ್ಮ ಅಧ್ಯಕ್ಷೆಗೆ ಫೋನ್ ಮಾಡುತ್ತೇನೆ ಎಂದು ಕೂಗಾಡಿದರು. "ಮಾಡಿ. ಮದ್ವೆಗೆ ಮುಂಚೆ ತೆಳು ಮಾಲು ತಂದು ಕೊಡ್ತೀವಿ" ಎಂದೆ. ಆ ಮಾತು ಕೊಡಲು ನನಗೆ ಅಧಿಕಾರವಿರಲಿಲ್ಲ. ಡ್ರೈವರ್ ಮತ್ತು ನಾನು ಸೇರಿ ಒಳ್ಳೆಯ ಚೀಲಗಳನ್ನಷ್ಟೇ ಇಳಿಸಿ, ಉಳಿದವನ್ನು ಆಟೋದಲ್ಲೇ ಬಿಟ್ಟು ಹೊರಟೆವು. ದಾರಿಯುದ್ದಕ್ಕೂ ನನ್ನ ಫೋನ್ ಬಡಿದುಕೊಂಡಿತು. ಎತ್ತಲಿಲ್ಲ. ಹೇಳುವುದನ್ನು ಎದುರು ನಿಂತೇ ಹೇಳೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಧ್ಯಕ್ಷೆ ಎಲ್ಲರನ್ನೂ ಸೇರಿಸಿದರು. ವಾಪಸು ಬಂದ ಚೀಲಗಳು ಗೋಡೆಗೆ ಒರಗಿದ್ದವು. ಇಡೀ ಕೋಣೆಯಲ್ಲಿ ನನ್ನ ಪಕ್ಕದ ಜಾಗ ಮಾತ್ರ ಖಾಲಿ ಇತ್ತು.

"ಇಷ್ಟು ವರ್ಷದಲ್ಲಿ ಒಂದು ಸಲಾನೂ ನಮ್ಮ ಮಾಲು ವಾಪಸ್ ಬಂದಿಲ್ಲ" ಎಂದರು. "ಅಂಗಡಿಯೋರು ಬೇಡ ಅಂದಿದ್ರೆ ಬೇರೆ. ನಮ್ಮೋಳೇ ಬೇಡ ಅಂದ್ಲು. ನೀನೇ ಹೇಳು, ಎಂತ ಮಾಡ್ಲಿ? ಒಂದೋ ಆ ಕ್ಲಿಪ್ ಬಿಚ್ಚಿಸ್ಕೊಂಡು ಬಾ, ಇಲ್ಲಾ ತಿಂದು ನೋಡೋ ಕೆಲ್ಸ ಬಿಡು."

ನಾನು ಎದ್ದು ನಿಂತೆ. "ಎರಡೂ ಮಾಡಲ್ಲ ಅಕ್ಕ. ಕ್ಲಿಪ್ ಇನ್ನೂ ಒಂದು ವರ್ಷ ಇರ್ತದೆ. ನಾನೂ ಇರ್ತೀನಿ. ಬೇಡ ಅಂದ್ರೆ ನೀವೇ ತೆಗೀರಿ, ನಾನಾಗಿ ಬಿಡಲ್ಲ."

ಆಗ ಬಾಣಲೆಯ ಜೊತೆಗಾತಿ ಎದ್ದಳು. ಮಾತಾಡುವವಳೇ ಅಲ್ಲ ಅವಳು. "ಒಲೆ ಜೋರು ಮಾಡಿದ್ದು ನಾನು. ದಪ್ಪ ಹೋಳು ಅಂತ ಗೊತ್ತಿದ್ದೂ ಹಾಕ್ದೆ. ನಮ್ಮನೇಲಿ ಅತ್ತೆಗೆ ಇದನ್ನ ಕೊಡೋಕೆ ನಂಗೇ ಮನಸ್ಸಾಗ್ಲಿಲ್ಲ" ಎಂದಳು. ಹೇಳಿ, ಬಂದು ನನ್ನ ಪಕ್ಕದ ಖಾಲಿ ಜಾಗದಲ್ಲಿ ಕೂತಳು.

ಅಧ್ಯಕ್ಷೆ ಗೋಡೆಯ ಹತ್ತಿರ ಹೋಗಿ ಒಂದು ಚೀಲ ಬಿಚ್ಚಿದರು. ಈ ಸಲ ಬಾಯಿಗೆ ಹಾಕಲಿಲ್ಲ. ಎರಡು ಕೈಯಲ್ಲಿ ಹಿಡಿದು ಮುರಿಯಲು ನೋಡಿದರು. ಒಂದಾದ ಮೇಲೊಂದರಂತೆ ತೆಗೆದು ನೋಡಿದರು, ಒಂದೂ ಸಲೀಸಾಗಿ ಮುರಿಯಲಿಲ್ಲ. ಅವರಿಗೆ ಘಟಕ ಎಂದರೆ ಜೀವ, ಆರ್ಡರ್ ಕೈತಪ್ಪುವ ಭಯದಲ್ಲಿ ಇಷ್ಟು ಹೊತ್ತೂ ಅವರಿಗೆ ಇದು ಕಂಡಿರಲಿಲ್ಲ. ಕಡೆಗೆ ಚೀಲದ ಬಾಯಿ ಕಟ್ಟಿ, ನನ್ನ ಕಡೆ ನೋಡದೆಯೇ, "ಹೊಸಬ್ರನ್ನ ಕಾಯಿ ಒಡಿಯೋಕೆ ಹಾಕಿ. ಹೆಚ್ಚೋಕೆ ಹಳಬ್ರೇ ಕೂತ್ಕೊಳ್ಳಿ. ಒಲೆ ಸಣ್ಣಗಿರ್ಲಿ" ಎಂದರು.

ನನಗೆ ಕ್ಷಮೆ ಕೇಳಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಆ ಹೊತ್ತಿಂದಲೇ ಕೆಲಸ ಶುರುವಾಯಿತು. ಗಟ್ಟಿ ಮಾಲನ್ನು ನಮ್ಮ ನಮ್ಮ ಮನೆಗಳಿಗೆ ಹಂಚಿಕೊಂಡೆವು, ಮೊಸರಿನಲ್ಲಿ ನೆನೆಸಿದರೆ ತಿನ್ನಬಹುದಿತ್ತು. ಮದುವೆಯ ಮೊದಲು ಹೊಸ ಮಾಲು ತೀರ್ಥಹಳ್ಳಿ ಸೇರಿತು. ಆದರೆ ಕೇಳಿದ್ದಷ್ಟನ್ನೂ ಕೊಡಲಾಗಲಿಲ್ಲ. ಉಳಿದದ್ದಕ್ಕೆ ಅಂಗಡಿಯವರು ಬೇರೆ ಕಡೆಯಿಂದ ತರಿಸಿದರು. ಆ ನಷ್ಟ ನಮ್ಮದೇ. ಅದಕ್ಕೆ ನಾನು ಇವತ್ತಿಗೂ ಹೊಣೆ ಹೊರುತ್ತೇನೆ, ಪಶ್ಚಾತ್ತಾಪ ಪಡುವುದಿಲ್ಲ.

ಸಾಗರಕ್ಕೆ ಮುಂದಿನ ಸಲ ಹೋದಾಗ ಡಾಕ್ಟರು ಪ್ರತಿ ಬ್ರಾಕೆಟ್ಟನ್ನೂ ತಟ್ಟಿ ನೋಡಿದರು. ಎಲ್ಲ ಇದ್ದಲ್ಲೇ ಇದ್ದವು. "ಚಿಪ್ಸ್ ಬಿಟ್ರಾ ಕೊನೆಗೆ?" ಎಂದು ಕೇಳಿದರು.

"ಇಲ್ಲ, ದಿನಾ ತಿಂತೀನಿ" ಎಂದೆ. ಅವರು ಬ್ರಾಕೆಟ್ಟುಗಳನ್ನು ಇನ್ನೊಂದು ಸಲ ತಟ್ಟಿ ನೋಡಿ ತಂತಿ ಬಿಗಿ ಮಾಡಿದರು.

ಮದುವೆ ಕಳೆದ ಮೇಲೆ ತೀರ್ಥಹಳ್ಳಿಯಿಂದ ಬಹಳ ದಿನ ಫೋನ್ ಬರಲಿಲ್ಲ. ಆ ಗಿರಾಕಿ ಹೋಯಿತು ಎಂದೇ ತಿಳಿದಿದ್ದೆವು. ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಆರ್ಡರ್ ಬಂತು, ಸಣ್ಣದು. ನಾನೇ ಒಯ್ದೆ. ಅಂಗಡಿಯ ಮುಂದೆ ಆಟೋ ನಿಂತಾಗ ಮಾಲೀಕರು ನನ್ನನ್ನು ನೋಡಿದರು. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಒಳಗಿನಿಂದ ಒಂದು ಸ್ಟೂಲ್ ತರಿಸಿ ಗಲ್ಲಾದ ಪಕ್ಕ ಹಾಕಿಸಿದರು, ತಾವೇ ಒಂದು ಚೀಲ ಆರಿಸಿ ಬಿಚ್ಚಿದರು.

"ಕೂತ್ಕಳಿ. ನಿಧಾನ ತಿನ್ನಿ, ನಮ್ಗೇನೂ ಅವಸರ ಇಲ್ಲ."

ಅವಸರ ಇದ್ದಿದ್ದರೂ ನಾನು ನಿಧಾನವಾಗಿಯೇ ತಿನ್ನುತ್ತಿದ್ದೆ. ಸೆರಗು ಸರಿಮಾಡಿಕೊಂಡು ಕೂತೆ, ಒಂದು ಚಿಪ್ಸ್ ತೆಗೆದು ಮುರಿದೆ.